ಕೆಳದವಡೆಗೆ ಬಂದ ಸಂದೇಶ

ಗರ್ಭಿಣಿ ವಯನಾಡಿನ ಕಲ್ಪೆಟ್ಟಾ ಪೇಟೆಯವಳಿರಲಿ, ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟ್ಟುನಾಯ್ಕರ ಹಾಡಿಯವಳಿರಲಿ, ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ವೈದ್ಯರು ಮಗುವಿನ ಮುಖವನ್ನು ಒಮ್ಮೆ ಪಕ್ಕದಿಂದ ನೋಡುತ್ತಾರೆ. ಹಣೆ, ಮೂಗು, ತುಟಿ, ಗದ್ದ. ಗದ್ದ ತೀರಾ ಹಿಂದಕ್ಕೆ ಸರಿದಿದ್ದರೆ ವಯನಾಡಿನಂಥ ಗುಡ್ಡಗಾಡಿನಲ್ಲಿ ಹೆರಿಗೆ ಎಲ್ಲಿ ಆಗಬೇಕೆಂಬುದನ್ನು ಮೊದಲೇ ಯೋಚಿಸಬೇಕಾಗುತ್ತದೆ. ಆದರೆ ಆ ಗದ್ದಕ್ಕೆ ರೂಪ ಕೊಡುವ ಕೆಲಸ ಶುರುವಾಗುವುದು ಅದಕ್ಕೂ ಮೂರು ತಿಂಗಳು ಹಿಂದೆ, ತಾನು ಬಸುರಿ ಎಂದು ತಾಯಿಗೆ ಆಗಷ್ಟೇ ಗೊತ್ತಾಗುವ ದಿನಗಳಲ್ಲಿ.

ಗರ್ಭ ಕಟ್ಟಿದ ನಾಲ್ಕನೇ ವಾರ ಭ್ರೂಣದ ಉದ್ದ ಸುಮಾರು 4 ಮಿಲಿಮೀಟರ್. ಮುಂದೆ ಮಿದುಳಾಗುವ ನಾಳದ ಅಂಚಿನಿಂದ ಹೊರಟ ಕೋಶಗಳು ಗಂಟಲಿನ ಭಾಗದ ಮೊದಲ ಕಮಾನಿಗೆ ಬಂದಿಳಿಯುತ್ತವೆ. ನ್ಯೂರಲ್ ಕ್ರೆಸ್ಟ್ ಕೋಶಗಳೆಂದು ಇವಕ್ಕೆ ಹೆಸರು. ದವಡೆಯ ಮೂಳೆ ಇವುಗಳಿಂದಲೇ ಆಗುತ್ತದೆ.

ಈ ಕೋಶಗಳ ಮೂಲವಾದ ಭ್ರೂಣದ ಹೊರಪದರದಿಂದ ದವಡೆಯ ಮೃದ್ವಸ್ಥಿ ಹುಟ್ಟುತ್ತದೆ ಎಂದು 1893ರಲ್ಲೇ ಹೇಳಿದವರು ಅಮೆರಿಕದ ಜೂಲಿಯಾ ಪ್ಲಾಟ್. ಅವರು ನೋಡಿದ್ದು ಸಲಮಾಂಡರ್ ಜಾತಿಯ ಪ್ರಾಣಿಯ ಭ್ರೂಣಗಳನ್ನು. ಎಲುಬೆಂದರೆ ನಡುಪದರದ್ದೇ ಎಂದು ನಂಬಿದ್ದ ಪಂಡಿತರು ಒಪ್ಪಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ನೆಲೆ ಸಿಗದ ಪ್ಲಾಟ್ ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ರೋವ್ ಸೇರಿದರು, 1931ರಲ್ಲಿ ಆ ಊರಿನ ಮೇಯರ್ ಆದರು. ವಿಜ್ಞಾನ ಕಳೆದುಕೊಂಡದ್ದು ಬಹಳ. 1969ರಲ್ಲಿ ಫ್ರಾನ್ಸಿನ ನಿಕೋಲ್ ಲೆ ದುವಾರೆಂ, ಲಾವಕ್ಕಿಯ ಕೋಶಗಳನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿ ಜಾಡು ಹಿಡಿಯುವ ದಾರಿ ತೋರಿಸಿದರು. ಪ್ಲಾಟ್ ಹೇಳಿದ್ದು ಸರಿಯೆಂಬುದರಲ್ಲಿ ಆಮೇಲೆ ಅನುಮಾನ ಉಳಿಯಲಿಲ್ಲ.

ಕೋಶಗಳು ಬಂದವು, ಸರಿ. ಯಾವುದು ಮೇಲ್ದವಡೆ, ಯಾವುದು ಕೆಳದವಡೆ ಎಂದು ಅವಕ್ಕೆ ಹೇಳುವವರು ಯಾರು?

ನೆರೆಯ ಕೋಶಗಳು. ಕಮಾನಿನ ಮೇಲಿನ ತೆಳು ಹೊದಿಕೆ ಸಂಕೇತ ಅಣುಗಳನ್ನು ಸ್ರವಿಸುತ್ತದೆ: ಹಿಂಭಾಗದಲ್ಲಿ ಎಫ್‌ಜಿಎಫ್8, ತುದಿಯಲ್ಲಿ ಬಿಎಂಪಿ4. 1998ರಲ್ಲಿ ಲಂಡನ್ನಿನ ಸಂಶೋಧಕರು ಇಲಿ ಭ್ರೂಣದ ದವಡೆಯಲ್ಲಿ ಬಿಎಂಪಿ ಸಂಕೇತವನ್ನು ತಡೆದರು. ಬಾಚಿಹಲ್ಲು ಮೂಡಬೇಕಾದ ಜಾಗದಲ್ಲಿ ದವಡೆಹಲ್ಲು ಮೂಡಿತು.

ಎಲ್ಲಕ್ಕಿಂತ ಅಚ್ಚರಿ ಎಂಡೋಥೆಲಿನ್-1ರದ್ದು. 1988ರಲ್ಲಿ ಜಪಾನಿನ ಮಸಾಶಿ ಯಾನಾಗಿಸಾವಾ ಮತ್ತು ಸಂಗಡಿಗರು ಇದನ್ನು ಗುರುತಿಸಿದಾಗ, ಇದು ರಕ್ತನಾಳವನ್ನು ಬಿಗಿಯುವ ಅಣು. ಇದೇ ಇಲ್ಲದ ಇಲಿಗಳನ್ನು 1994ರಲ್ಲಿ ಬೆಳೆಸಿದಾಗ ಕೆಟ್ಟದ್ದು ಮುಖ, ಮುಖ್ಯವಾಗಿ ಕೆಳದವಡೆ. ಈ ಸಂದೇಶ ಸಿಗದಿದ್ದರೆ ಕೆಳದವಡೆ ಮೇಲ್ದವಡೆಯ ರೂಪ ತಾಳುತ್ತದೆ ಎಂದು ಮುಂದೆ ತಿಳಿಯಿತು. 2008ರಲ್ಲಿ ತಿರುಗಾಮುರುಗಾ ಪ್ರಯೋಗವೂ ನಡೆಯಿತು: ಮೇಲ್ದವಡೆಯ ಕೋಶಗಳಿಗೆ ಎಂಡೋಥೆಲಿನ್ ಸಂದೇಶ ಕೊಟ್ಟಾಗ ಅವು ಕೆಳದವಡೆಯಂತೆ ಬೆಳೆದವು. ಮನುಷ್ಯರಲ್ಲೂ ಈ ಸರಪಳಿಯ ಜೀನ್‌ಗಳು ಕೆಟ್ಟರೆ ಗದ್ದ ಕಿರಿದಾಗಿ, ಕಿವಿ ಪ್ರಶ್ನಾರ್ಥಕ ಚಿಹ್ನೆಯ ಆಕಾರ ಪಡೆಯುವ ಅಪರೂಪದ ಕಾಯಿಲೆ ಬರುತ್ತದೆ.

ಆರನೇ ವಾರದ ಹೊತ್ತಿಗೆ ಕೆಳದವಡೆಯಲ್ಲಿ ಮೂಳೆ ಕಟ್ಟತೊಡಗುತ್ತದೆ. ದೇಹದಲ್ಲಿ ಅದಕ್ಕಿಂತ ಮೊದಲು ಮೂಳೆ ಕಟ್ಟುವುದು ಕೊರಳೆಲುಬು ಮಾತ್ರ. ಈ ಹಂತದಲ್ಲಿ ದವಡೆ ಸಾಕಷ್ಟು ಮುಂದಕ್ಕೆ ಬೆಳೆಯದಿದ್ದರೆ ನಾಲಿಗೆ ಕೆಳಗಿಳಿಯುವುದಿಲ್ಲ, ಅಂಗುಳಿನ ಎರಡು ಮಡಿಕೆಗಳು ಕೂಡಿಕೊಳ್ಳುವುದಿಲ್ಲ. ಫ್ರೆಂಚ್ ವೈದ್ಯ ಪಿಯೆರ್ ರೊಬಾಂ 1923ರಲ್ಲಿ ವಿವರಿಸಿದ, ಈಗ ಅವರ ಹೆಸರಲ್ಲೇ ಇರುವ ಸಮಸ್ಯೆ ಹೀಗೆ ಹುಟ್ಟುತ್ತದೆ. ಕೆಲವು ಕುಟುಂಬಗಳಲ್ಲಿ ತಪ್ಪಿರುವುದು ಸಾಕ್ಸ್9 ಎಂಬ ಜೀನ್‌ನೊಳಗಲ್ಲ, ಡಿಎನ್‌ಎಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳಾಚೆ ಕೂತು ಅದನ್ನು ನಿಯಂತ್ರಿಸುವ ತುಣುಕಿನಲ್ಲಿ.

ಇಂಥ ಮಗು ಹುಟ್ಟಿದಾಗ ನಾಲಿಗೆ ಹಿಂದೆ ಬಿದ್ದು ಉಸಿರಿಗೆ ಅಡ್ಡವಾಗಬಹುದು. ದಾದಿಯರು ಮಗುವನ್ನು ತಮ್ಮ ನಿಗಾದಲ್ಲೇ ಬೋರಲಾಗಿ ಮಲಗಿಸಿ ನಾಲಿಗೆ ಮುಂದೆ ಬರುವಂತೆ ನೋಡಿಕೊಳ್ಳುತ್ತಾರೆ. ವಯನಾಡಿನಿಂದ ಕೋಯಿಕ್ಕೋಡಿನ ದೊಡ್ಡಾಸ್ಪತ್ರೆಗೆ ಒಯ್ಯಬೇಕೆಂದರೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು ಇಳಿಯಬೇಕು. ಸ್ಕ್ಯಾನಿಂಗ್‌ನಲ್ಲಿ ಗದ್ದವನ್ನು ಪಕ್ಕದಿಂದ ನೋಡಿದ್ದರೆ ತಾಯಿಯೇ ಮೊದಲು ಆ ತಿರುವು ಇಳಿದಿರುತ್ತಾಳೆ. ಸೀಳಿದ ಅಂಗುಳನ್ನು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಹೊಲಿಯುತ್ತಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳು ಎರಡೂ ಇವೆ.