ಮದರಾಸಿನ ಕಲಾಶಾಲೆಯ ಪದ್ಮಿನಿ

ಸೆಂಟ್ರಲ್ ನಿಲ್ದಾಣದಿಂದ ಪೂನಮಲ್ಲಿ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗುವವರ ಕಣ್ಣಿಗೆ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡವೊಂದು ಬೀಳುತ್ತದೆ. ಅಲೆಕ್ಸಾಂಡರ್ ಹಂಟರ್ ಎಂಬ ಶಸ್ತ್ರವೈದ್ಯನು 1850ರಲ್ಲಿ ಆರಂಭಿಸಿದ ಕಲಾಶಾಲೆ ಇದು. ಅಂಗರಚನೆಯನ್ನು ಬಲ್ಲವನಿಗೆ ಚಿತ್ರಕಲೆಯೂ ರುಚಿಸಿದುದರಲ್ಲಿ ಅಚ್ಚರಿಯೇನಿಲ್ಲ. 1961ರಲ್ಲಿ ಈ ಶಾಲೆಯ ಮೆಟ್ಟಿಲೇರಿದವರಲ್ಲಿ ಪೊನ್ನಾನಿ ಬಳಿಯ ಕಾಡಂಚೇರಿಯ ಟಿ.ಕೆ. ಪದ್ಮಿನಿಯೂ ಒಬ್ಬರು.

ಪದ್ಮಿನಿ ಜನಿಸಿದುದು 1940ರ ಮೇ 12ರಂದು. ಅಂದು ಮಲಬಾರು, ನಮ್ಮ ದಕ್ಷಿಣ ಕನ್ನಡದಂತೆಯೇ, ಮದರಾಸು ಪ್ರಾಂತಕ್ಕೆ ಸೇರಿತ್ತು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಿಕೆಗೆ ಸೋದರಮಾವ ದಿವಾಕರನ್ ಆಸರೆಯಾದರು. ಚಿತ್ರಕಾರ ನಂಬೂದಿರಿಯವರು ರೇಖೆಯ ಪಾಠ ಹೇಳಿದರು. ಕವಿ ಇಡಶ್ಶೇರಿ ಗೋವಿಂದನ್ ನಾಯರ್ ಬೆಂಬಲವಿತ್ತರು. ಗ್ರಾಮದ ಹೆಣ್ಣುಮಗಳೊಬ್ಬಳನ್ನು ಚಿತ್ರ ಬರೆಯಲೆಂದು ದೂರದ ಪಟ್ಟಣಕ್ಕೆ ಕಳುಹಿಸುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ಹುಡುಗಿಯ ಪ್ರತಿಭೆಯಷ್ಟೇ ಆ ಮನೆಯವರ ಧೈರ್ಯವೂ ಸ್ಮರಣೀಯ.

ಕಲಾಶಾಲೆಯ ಮುಖ್ಯಸ್ಥರಾಗಿದ್ದವರು ಕೆ.ಸಿ.ಎಸ್. ಪಣಿಕ್ಕರ್. ಪಾಶ್ಚಾತ್ಯರ ಅನುಕರಣೆಯನ್ನು ಬಿಟ್ಟು, ತಮ್ಮ ನೆಲದ ರೇಖೆ-ವರ್ಣಗಳಿಂದಲೇ ಆಧುನಿಕತೆಯನ್ನು ಸಾಧಿಸಬೇಕೆಂಬುದು ಅವರ ನಿಲುವು. ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಅದೇ ವರ್ಷಗಳಲ್ಲಿ ಅಲ್ಲಿಯೇ ಕಲಿಯುತ್ತಿದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಪದ್ಮಿನಿ 1965ರಲ್ಲಿ ವ್ಯಾಸಂಗ ಮುಗಿಸಿ, ಈ ನಗರದಲ್ಲಿಯೇ ಚಿತ್ರಕಲಾ ಅಧ್ಯಾಪಕಿಯಾದರು.

ಅವರ ಚಿತ್ರಗಳಲ್ಲಿ ಎದ್ದು ಕಾಣುವುದು ಸ್ತ್ರೀ. ಆಕೆ ರವಿವರ್ಮನ ಅಲಂಕೃತ ನಾಯಿಕೆಯಲ್ಲ. ಮಲಬಾರಿನ ಮಣ್ಣಿನ ಕಂದು, ತೋಪಿನ ದಟ್ಟ ಹಸಿರು, ಇವುಗಳ ನಡುವೆ ಮೌನವಾಗಿ ನಿಂತ ಗ್ರಾಮೀಣ ಹೆಂಗಸು. ನಗ್ನ ದೇಹವನ್ನೂ ಪದ್ಮಿನಿ ಸಂಕೋಚವಿಲ್ಲದೆ ಚಿತ್ರಿಸಿದರು. ಆದರೆ ನೋಡುವವನನ್ನು ಮೆಚ್ಚಿಸುವ ಹಂಬಲ ಅಲ್ಲಿಲ್ಲ. ಹೆಣ್ಣು ತನ್ನನ್ನು ತಾನೇ ನೋಡಿಕೊಂಡ ಬಗೆ ಅದು. ಅಂತ್ಯಕಾಲದ ಕೃತಿಗಳಲ್ಲೊಂದಾದ ‘ಗಾಳಿಪಟ ಹಾರಿಸುವ ಹುಡುಗಿ’ ಇಂದಿಗೂ ಅವರ ಹೆಸರಿನೊಡನೆ ಮೊದಲು ನೆನಪಾಗುವ ಚಿತ್ರ.

1968ರಲ್ಲಿ ಚಿತ್ರಕಾರ ಕೆ. ದಾಮೋದರನ್ ಅವರೊಡನೆ ವಿವಾಹವಾಯಿತು. ಮರುವರ್ಷ, 1969ರ ಮೇ 11ರಂದು, ಪದ್ಮಿನಿ ಹೆರಿಗೆಯಲ್ಲಿ ಅಸುನೀಗಿದರು. ಇಪ್ಪತ್ತೊಂಬತ್ತು ತುಂಬಲು ಒಂದೇ ದಿನ ಉಳಿದಿತ್ತು. ಅಮೃತಾ ಶೇರ್‌ಗಿಲ್ 1941ರಲ್ಲಿ ತೀರಿಕೊಂಡಾಗಲೂ ವಯಸ್ಸು ಇಪ್ಪತ್ತೆಂಟೇ.

ಹೆರಿಗೆಯ ಮರಣವೆಂದರೆ ವಿಧಿಯೆಂದು ನಿಟ್ಟುಸಿರಿಡುವ ಕಾಲ ಇದಲ್ಲ. ಅತಿ ರಕ್ತಸ್ರಾವ, ರಕ್ತದ ಏರೊತ್ತಡ, ನಂಜು, ಈ ಮೂರೂ ಬಹುಮಟ್ಟಿಗೆ ತಡೆಯಬಹುದಾದ ಕಾರಣಗಳು. ಗರ್ಭಿಣಿಯ ರಕ್ತಹೀನತೆಯನ್ನು ಮೊದಲೇ ಗುರುತಿಸುವುದು, ರಕ್ತದೊತ್ತಡವನ್ನು ತಪ್ಪದೆ ಪರೀಕ್ಷಿಸುವುದು, ರಕ್ತ ದೊರೆಯುವ ಆಸ್ಪತ್ರೆಯಲ್ಲಿ ಹೆರಿಗೆಯಾಗುವುದು ಎಷ್ಟೋ ಜೀವಗಳನ್ನು ಉಳಿಸಿವೆ. 2018-20ರ ಗಣನೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಭಾರತದಲ್ಲಿ 97, ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54, ಪದ್ಮಿನಿಯವರ ಕೇರಳದಲ್ಲಿ 19.

ಅವರು ಬಿಟ್ಟುಹೋದ ತೈಲಚಿತ್ರಗಳು ಕೆಲವೇ ಹತ್ತು. ರೇಖಾಚಿತ್ರಗಳು ಇನ್ನೂರರ ಆಸುಪಾಸು. ಹಲವು ಕೃತಿಗಳನ್ನು ಕೇರಳ ಲಲಿತಕಲಾ ಅಕಾಡೆಮಿ ಕಾಪಾಡಿಕೊಂಡು ಬಂದಿದೆ. ಸುಸ್ಮೇಶ್ ಚಂದ್ರೋತ್ ಅವರು ಈ ಜೀವನವನ್ನು ‘ಪದ್ಮಿನಿ’ ಎಂಬ ಮಲಯಾಳ ಚಲನಚಿತ್ರವಾಗಿ ನಿರ್ದೇಶಿಸಿದ್ದಾರೆ.