ಯುಜಿಎ ಬಂದರೆ ಯಾವಾಗಲೂ ನಿಲುಗಡೆಯೇ?

ದ್ವಿತೀಯ ಪಿಯುಸಿ ತರಗತಿಯಲ್ಲಿ ಅನುವಂಶೀಯ ಸಂಕೇತದ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಯುಎಎ, ಯುಎಜಿ, ಯುಜಿಎ ಎಂದು ಬರೆದು, ‘ಈ ಕೋಡಾನ್‌ಗಳು ಬಂದರೆ ಪ್ರೋಟೀನ್ ತಯಾರಿಕೆ ಯಾವಾಗಲೂ ನಿಲ್ಲುತ್ತದೆ’ ಎಂದೆ. ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ‘ಯಾವಾಗಲೂ’ ಎಂಬ ಪದಕ್ಕೆ ಅಡಿಗೆರೆ ಎಳೆದು ‘ಪರಿಶೀಲಿಸಿ’ ಎಂದು ಬರೆದಿದ್ದರು. ಹುಡುಕಿದಾಗ ಸಿಕ್ಕಿದ್ದು ಸೆಲೆನೊಸಿಸ್ಟೀನ್, ಅಂದರೆ 21ನೆಯ ಅಮೈನೊ ಆಮ್ಲ.

ಸಿಸ್ಟೀನ್‌ನಲ್ಲಿ ಗಂಧಕವಿರುವ ಜಾಗದಲ್ಲಿ ಇದಕ್ಕೆ ಸೆಲೆನಿಯಂ ಇರುತ್ತದೆ. 1976ರಲ್ಲಿ ಥ್ರೆಸ್ಸಾ ಸ್ಟ್ಯಾಡ್ಟ್‌ಮನ್ ಅವರ ತಂಡ ಬ್ಯಾಕ್ಟೀರಿಯಾದ ಪ್ರೋಟೀನೊಂದರಲ್ಲಿ ಇದನ್ನು ಗುರುತಿಸಿತು. ಇದರ ಸಂಕೇತ ಯುಜಿಎ ಎಂದು ತಿಳಿದದ್ದು 1986ರಲ್ಲಿ. ನಿಲ್ಲಬೇಕೋ ಸೆಲೆನೊಸಿಸ್ಟೀನ್ ಸೇರಿಸಬೇಕೋ ಎಂಬುದು ರೈಬೋಸೋಮ್‌ಗೆ ತಿಳಿಯುವುದು ಹೇಗೆ? ಮುಂದಿನ ತರಗತಿಯಲ್ಲಿ ನಾನು ‘ಹತ್ತು’ ಎಂದು ಬರೆದೆ. ‘ಹತ್ತು ರೂಪಾಯಿ’ಯಲ್ಲಿ ಅದು ಸಂಖ್ಯೆ, ‘ಮರ ಹತ್ತು’ ಎಂದಾಗ ಕ್ರಿಯೆ. ಪಕ್ಕದ ಪದ ಅರ್ಥ ಹೇಳುತ್ತದೆ. ನಮ್ಮ ಜೀವಕೋಶಗಳಲ್ಲಿ ಆ ಕೆಲಸ ಮಾಡುವುದು ಎಂ-ಆರ್‌ಎನ್‌ಎಯಲ್ಲಿ ಪ್ರೋಟೀನ್ ಸಂಕೇತ ಮುಗಿದ ನಂತರದ ಭಾಗದಲ್ಲಿ ಕುಣಿಕೆಯಂತೆ ಮಡಚಿಕೊಂಡಿರುವ ಒಂದು ರಚನೆ. (ಪಕ್ಕದಲ್ಲೇ ಇರುವುದಿಲ್ಲ, ದೂರದಲ್ಲಿರುತ್ತದೆ, ಹೋಲಿಕೆ ಅಷ್ಟರಮಟ್ಟಿಗೆ ಕುಂಟುತ್ತದೆ.)

ಮನುಷ್ಯರಲ್ಲಿ ಇಂಥ ಪ್ರೋಟೀನ್‌ಗಳ 25 ಜೀನ್‌ಗಳಿವೆ. ಕೆಲವು ಪೆರಾಕ್ಸೈಡ್‌ಗಳ ಹಾನಿ ತಡೆಯುತ್ತವೆ, ಕೆಲವು ಥೈರಾಯ್ಡ್ ಹಾರ್ಮೋನನ್ನು ಸಕ್ರಿಯ ರೂಪಕ್ಕೆ ತರುತ್ತವೆ.

‘ಹಾಗಾದರೆ ಇದನ್ನು ಊಟದಿಂದಲೇ ಪಡೆಯುತ್ತೇವಾ, ಮೇಡಂ?’ ಎಂದಳು ಒಬ್ಬ ವಿದ್ಯಾರ್ಥಿನಿ. ನೇರವಾಗಿ ಅಲ್ಲ. ಗೋಧಿಯಂಥ ಧಾನ್ಯಗಳಲ್ಲಿ ಹೆಚ್ಚಾಗಿರುವುದು ಸೆಲೆನೊಮಿಥಿಯೊನಿನ್ ಎಂಬ ಇನ್ನೊಂದು ಅಮೈನೊ ಆಮ್ಲ. ದೇಹ ಅದನ್ನು ಮಿಥಿಯೊನಿನ್ ಎಂದೇ ಭಾವಿಸಿ ಪ್ರೋಟೀನ್‌ಗಳಲ್ಲಿ ಸೇರಿಸಿಕೊಳ್ಳುತ್ತದೆ. ಅದು ಒಡೆದಾಗ ಸಿಗುವ ಸೆಲೆನಿಯಂ ಬಳಸಿ, ಟಿ-ಆರ್‌ಎನ್‌ಎ ಮೇಲೆ ಕೂತ ಸೆರೀನ್ ಅನ್ನೇ ಸೆಲೆನೊಸಿಸ್ಟೀನ್ ಆಗಿ ಮಾರ್ಪಡಿಸುತ್ತದೆ.

‘ಸೆಲೆನಿಯಂ ಸಿಗದಿದ್ದರೆ?’ ಎಂದು ಅವಳೇ ಮತ್ತೆ ಕೇಳಿದಳು. ಪಾಠಯೋಜನೆಯಲ್ಲಿ ಇಲ್ಲದಿದ್ದ ಈ ಪ್ರಶ್ನೆಯೇ ಪಾಠದ ತಿರುಳಾಯಿತು. ಆಗ ಯುಜಿಎ ಬಳಿ ತಯಾರಿಕೆ ನಿಂತು ಪ್ರೋಟೀನ್ ಅರ್ಧಕ್ಕೇ ಉಳಿಯಬಹುದು. ಚೀನಾದ ಕೆಶಾನ್ ಪ್ರದೇಶದ ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆ. ಅಲ್ಲಿ ಮಕ್ಕಳಿಗೂ ಹೆರುವ ವಯಸ್ಸಿನ ಹೆಂಗಸರಿಗೂ ಹೃದಯದ ಸ್ನಾಯು ಕೆಡುವ ಕಾಯಿಲೆ ಬರುತ್ತಿತ್ತು. ವೈರಸ್ಸಿನ ಪಾತ್ರವೂ ಇತ್ತೆನ್ನುತ್ತಾರೆ. ಆದರೆ 1970ರ ದಶಕದಲ್ಲಿ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟಾಗ ಕಾಯಿಲೆ ಬಹಳ ಇಳಿಯಿತು.

ಹಾಗೆಂದು ಮಾತ್ರೆ ನುಂಗುವ ಮಾತು ತರಗತಿಯಲ್ಲಿ ಬೇಡ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 40 ಮೈಕ್ರೋಗ್ರಾಂ. ಹೆಚ್ಚಾದರೆ ಕೂದಲು ಉದುರುತ್ತದೆ, ಉಗುರು ಕೆಡುತ್ತದೆ.