ಉಲ್ಲನ್ ಮೊಲ



ಗೋಕಾಕದ ಗೊಂಬೆ ನೀವು ನೋಡಿದ್ದೀರಿ. ಕಟ್ಟಿಗೆಯ ಗೊಂಬೆ. ಬಣ್ಣ ಬಳಿದ ಮಣ್ಣಿನ ಹಣ್ಣು. ಹಣ್ಣು ನೋಡಿದರೆ ತಿನ್ನಬೇಕು ಅನಿಸುತ್ತದೆ. ಈ ಕಸುಬು ಕೈಯಿಂದ ಕೈಗೆ ಬಂದದ್ದು. ಮನೆಯ ಹಿರಿಯರನ್ನು ನೋಡಿ ಮಕ್ಕಳು ಕಲಿತರು.

ತೋರಿಸಿ ಕೊಡುವವರು ಮನೆಯಲ್ಲಿ ಇಲ್ಲದಿದ್ದರೆ? ಆಗಲೂ ಗೊಂಬೆ ಮಾಡಬಹುದು. ಓದಲು ಬರಬೇಕು, ಎಣಿಸಲು ಬರಬೇಕು. ಈಗ ನಿಮಗೆ ಎರಡೂ ಬರುತ್ತದೆ.

ನಮೂನೆ ಎಂದರೇನು?

ಎಷ್ಟು ಕುಣಿಕೆ, ಎಷ್ಟು ಸಾಲು ಹೆಣೆಯಬೇಕು ಎಂದು ಬರೆದ ಚೀಟಿಯೇ ನಮೂನೆ. ಹುಕ್ಕೇರಿಯಲ್ಲಿ ಬರೆದ ಚೀಟಿ ಮೂಡಲಗಿಗೆ ಹೋಗಲಿ. ಅಲ್ಲಿಯೂ ಅದೇ ಮೊಲ ಬರುತ್ತದೆ.

ಏನೇನು ಬೇಕು?

ಒಂದು ಉಂಡೆ ಉಲ್ಲನ್ ದಾರ, ಹೆಣೆಯುವ ಕಡ್ಡಿ ಎರಡು, ದೊಡ್ಡ ಸೂಜಿ, ತುಂಬಲು ಅರಳೆ. ಕಂಬಳಿಯ ನೂಲು ಬೇಡ. ಅದು ಒರಟು. ಕೂಸಿನ ಮೈಗೆ ಚುಚ್ಚುತ್ತದೆ.

ಮಾಡುವುದು ಹೇಗೆ?

1. ಕಡ್ಡಿಯ ಮೇಲೆ 30 ಕುಣಿಕೆ ಹಾಕಿರಿ.

2. ಸಾದಾ ಹೆಣಿಗೆಯಲ್ಲಿ 60 ಸಾಲು ಹೆಣೆಯಿರಿ. ಕುಣಿಕೆಗಿಂತ ಸಾಲು ಎರಡು ಪಟ್ಟು ಇರಬೇಕು. ಆಗ ನಾಲ್ಕು ಬದಿಯೂ ಸಮ ಆಗುತ್ತವೆ. ಕುಣಿಕೆಗಳನ್ನು ಮುಚ್ಚಿ ಕಡ್ಡಿ ತೆಗೆಯಿರಿ.

3. ತುಂಡನ್ನು ನೆಲದ ಮೇಲೆ ಹಾಸಿರಿ. ಸೂಜಿಗೆ ದಾರ ಪೋಣಿಸಿರಿ. ಎಡ ಅಂಚಿನ ನಡುವಿನಿಂದ ಬಲ ಅಂಚಿನ ನಡುವಿಗೆ ದಾರ ಓಡಿಸಿರಿ. ಅಲ್ಲಿಂದ ಮೇಲಿನ ಅಂಚಿನ ನಡುವಿಗೆ ಹೋಗಿರಿ. ಅಲ್ಲಿಂದ ಹೊರಟ ಜಾಗಕ್ಕೆ ಬನ್ನಿರಿ. ತ್ರಿಕೋನ ಆಯಿತು.

4. ತ್ರಿಕೋನದ ನಡುವೆ ಒಂದು ಹಿಡಿ ಅರಳೆ ಇಡಿರಿ. ದಾರ ಜಗ್ಗಿ ಗಂಟು ಹಾಕಿರಿ. ನೋಡಿರಿ, ತಲೆ ಬಂತು! ಮೇಲಿನ ಎರಡು ಮೂಲೆ ಕಿವಿಯಾಗಿ ನಿಂತವು.

5. ಕೆಳಗಿನ ಎರಡು ಬದಿಗಳನ್ನು ಬೆನ್ನಿನ ಕಡೆ ಕೂಡಿಸಿ ಹೊಲಿಯಿರಿ. ಅರಳೆ ತುಂಬಿರಿ. ಬುಡದ ಅಂಚಿಗೆ ದಾರ ಓಡಿಸಿ, ಜಗ್ಗಿ ಮುಚ್ಚಿರಿ. ಎತ್ತಿನ ಕೋಡಿಗೆ ಕಟ್ಟುವಂಥ ಸಣ್ಣ ಗೊಂಡೆ ಮಾಡಿ ಬಾಲ ಹಚ್ಚಿರಿ.

ಎಣಿಕೆ ತಪ್ಪಿದರೆ?

ನನಗೇ ತಪ್ಪಿತ್ತು. ಮಾತಾಡುತ್ತ ಹೆಣೆದೆ. 45 ಸಾಲಿಗೇ ನಿಲ್ಲಿಸಿದೆ. ಕಿವಿ ಗಿಡ್ಡ ಆದವು. ನಮ್ಮ ಕೇಂದ್ರದ ಒಬ್ಬ ಅಕ್ಕ ನಕ್ಕುಬಿಟ್ಟರು. "ಅಕ್ಕೋರ, ಇದು ಮೊಲ ಅಲ್ರಿ, ಬೆಕ್ಕು!" ಅಂದರು.

ಅವರ ಮೊಲ ಸರಿಯಾಗಿತ್ತು. ಹತ್ತು ಸಾಲಿಗೊಮ್ಮೆ ಅವರು ಪಾಟಿಯ ಮೇಲೆ ಬರೆಯುತ್ತಿದ್ದರು. 10, 20, 30. ಮೊದಲು ಅವರು ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರಂತೆ. ಗೋಡೆ ಸಾರಿಸಿದರೆ ಲೆಕ್ಕವೂ ಹೋಗುತ್ತಿತ್ತು. ಈಗ ಹಾಲಿನ ಲೆಕ್ಕವೂ ಪುಸ್ತಕದಲ್ಲಿದೆ. ಆ ದಿನ ನಾನು ಅವರ ಹತ್ತಿರ ಕಲಿತೆ.

ಇದನ್ನು ಮರೆಯಬೇಡಿರಿ

ಕಣ್ಣಿಗೆ ಗುಂಡಿ, ಮಣಿ ಹಚ್ಚಬೇಡಿರಿ. ಕೂಸು ಅದನ್ನು ಕಿತ್ತು ಬಾಯಿಗೆ ಹಾಕುತ್ತದೆ. ಗಂಟಲಲ್ಲಿ ಸಿಕ್ಕರೆ ಉಸಿರು ಕಟ್ಟುತ್ತದೆ. ಜೀವಕ್ಕೇ ಅಪಾಯ. ಕರಿ ದಾರದಿಂದ ಕಣ್ಣು ಹೊಲಿಯಿರಿ. ಹಾಲು ಕುಡಿಯುವ ಕೂಸಿಗಾದರೆ ಗೊಂಡೆಯೂ ಬೇಡ. ಹೊಲಿಗೆ ಗಟ್ಟಿಯಾಗಿದೆಯೇ ಎಂದು ಜಗ್ಗಿ ನೋಡಿರಿ. ಆಮೇಲೆ ಕೂಸಿನ ಕೈಗೆ ಕೊಡಿರಿ.

ಮೊಲ ಮುಗಿದ ಮೇಲೆ ಚೀಟಿಯನ್ನು ನಿಮ್ಮ ಕೈಯಿಂದ ಬರೆಯಿರಿ. ನೆರೆಮನೆಯ ಅಕ್ಕನಿಗೆ ಕೊಡಿರಿ.

ಓದಿರಿ, ಉತ್ತರ ಬರೆಯಿರಿ

1. ಕಂಬಳಿಯ ನೂಲು ಏಕೆ ಬೇಡ?
2. ಕಣ್ಣಿಗೆ ಗುಂಡಿ ಏಕೆ ಹಚ್ಚಬಾರದು?
3. ದೊಡ್ಡ ಮೊಲಕ್ಕೆ 40 ಕುಣಿಕೆ ಹಾಕಿದಿರಿ. ಎಷ್ಟು ಸಾಲು ಹೆಣೆಯಬೇಕು?